ಅವಳು ಯಾರನ್ನು ವರಿಸಿದಳು ಎಂಬುದಲ್ಲ ಪ್ರಶ್ನೆ

ಒಂದು ಪುಸ್ತಕವನ್ನು ಸುಡುವುದಕ್ಕಿಂತ ಅದನ್ನು ಬರಿಯ ಪ್ರೇಮಕಥೆಯೆಂದು ಮಾರುವುದು ಉಳ್ಳವರಿಗೆ ಹೆಚ್ಚು ಲಾಭದ ಕೆಲಸ. ಅಮೆರಿಕದ ಲೇಖಕಿ ಸುಜಾನ್ ಕಾಲಿನ್ಸ್ ಹದಿಹರೆಯದವರಿಗಾಗಿ ಬರೆದ ಮೂರು ಕಾದಂಬರಿಗಳಿಗೆ ಆದದ್ದು ಇದೇ ಗತಿ. 2008ರಲ್ಲಿ 'ದಿ ಹಂಗರ್ ಗೇಮ್ಸ್', 2009ರಲ್ಲಿ 'ಕ್ಯಾಚಿಂಗ್ ಫೈರ್', 2010ರಲ್ಲಿ 'ಮಾಕಿಂಗ್‌ಜೇ' ಪ್ರಕಟವಾದವು. 2012ರಿಂದ ಚಲನಚಿತ್ರಗಳೂ ಬಂದವು. ನಾಯಕಿ ಕ್ಯಾಟ್ನಿಸ್ ಪೀಟಾನನ್ನು ಒಲಿಯುತ್ತಾಳೋ, ಗೇಲ್‌ನನ್ನು ಒಲಿಯುತ್ತಾಳೋ ಎಂದು ಓದುಗರು ಎರಡು ಪಂಗಡವಾಗಿ ವಾದಕ್ಕಿಳಿದರು. ಇನ್ನು ನಮ್ಮ ಗಂಭೀರ ಮಹನೀಯರು, ಹುಡುಗಿಯರು ಓದುವ ಪುಸ್ತಕದಿಂದ ದುಡಿಯುವವನಿಗೆ ಆಗಬೇಕಾದ್ದೇನು ಎಂದು ಮೂಗು ಮುರಿದರು. ಇಬ್ಬರೂ ಓದಿದ್ದು ಅರ್ಧ ಪುಸ್ತಕವನ್ನೇ.

ಕಥೆ ಇಷ್ಟು. ಪನೆಮ್ ಎಂಬ ದೇಶ. ಕ್ಯಾಪಿಟಲ್ ಎಂಬ ರಾಜಧಾನಿ. ಅದನ್ನು ಸಾಕಲು ದುಡಿಯುವ 12 ಜಿಲ್ಲೆಗಳು. ಹಿಂದೊಮ್ಮೆ ದಂಗೆಯೆದ್ದುದಕ್ಕೆ ಶಿಕ್ಷೆಯಾಗಿ ಪ್ರತಿ ಜಿಲ್ಲೆಯೂ ವರ್ಷಕ್ಕೊಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಚೀಟಿ ಎತ್ತಿ ಕಳಿಸಬೇಕು. 24 ಮಕ್ಕಳು ಅಖಾಡದಲ್ಲಿ ಒಬ್ಬರನ್ನೊಬ್ಬರು ಕೊಂದು ಒಬ್ಬರು ಉಳಿಯಬೇಕು. ಇಡೀ ದೇಶ ಅದನ್ನು ಟೆಲಿವಿಷನ್ನಿನಲ್ಲಿ ನೋಡಲೇಬೇಕು.

ಚೀಟಿಯ ಲೆಕ್ಕವನ್ನು ಗಮನಿಸಿ. ಹಸಿದ ಮನೆಯ ಮಗು ತನ್ನ ಹೆಸರಿನ ಇನ್ನೊಂದು ಚೀಟಿ ಹಾಕಿದರೆ ಒಬ್ಬರಿಗೆ ವರ್ಷಕ್ಕೆ ಸಾಲೀಸಾಲದಷ್ಟು ಧಾನ್ಯ, ಎಣ್ಣೆ ಸಿಗುತ್ತದೆ. ಕಲ್ಲಿದ್ದಲ ಗಣಿಯಲ್ಲಿ ತಂದೆಯನ್ನು ಕಳೆದುಕೊಂಡ ಕ್ಯಾಟ್ನಿಸ್‌ಳ ಹೆಸರು 16ನೆಯ ವಯಸ್ಸಿಗೆ 20 ಸಲ ಬಿದ್ದಿದೆ. ಅಂಥದೇ ಮನೆಯ ಗೇಲ್‌ನ ಹೆಸರು 18ನೆಯ ವಯಸ್ಸಿಗೆ 42 ಸಲ. ಅಂಗಡಿಯವರ ಮಕ್ಕಳಿಗೆ ಈ ಹೆಚ್ಚಿನ ಚೀಟಿಯ ಗತಿ ಬರುವುದು ಅಪರೂಪ. ಹಾಗಾಗಿ ಗಣಿಯವನಿಗೆ ಅಂಗಡಿಯವನ ಮೇಲೆ ಹೊಟ್ಟೆಯುರಿ. ಆ ಅಂಗಡಿಯವನಾದರೂ ಸುಖಿಯೆ? ಪೀಟಾ ರೊಟ್ಟಿ ಸುಡುವವನ ಮಗ. ಅವನ ಮನೆಯವರು ತಿನ್ನುವುದು ಮಾರಾಟವಾಗದೆ ಉಳಿದ ಒಣಕಲು ರೊಟ್ಟಿಯನ್ನು! ಇವರಿಬ್ಬರೂ ಪರಸ್ಪರ ದ್ವೇಷಿಸುತ್ತಿರಲಿ ಎಂಬುದೇ ರಾಜಧಾನಿಯ ಲೆಕ್ಕಾಚಾರ. ಗಿರಣಿಯವನಿಗೂ ಅಂಗಡಿಯವನಿಗೂ ಈ ಹೂಟವನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಪ್ರೇಮದ ಮಾತಿಗೆ ಬನ್ನಿ. ಹಸಿವಿನಿಂದ ಸಾಯುತ್ತಿದ್ದ ಗಣಿಯವನ ಮಗಳಿಗೆ ರೊಟ್ಟಿಯವನ ಮಗ ತಾಯಿಯ ಏಟು ತಿಂದು ಎರಡು ರೊಟ್ಟಿ ಎಸೆದನಲ್ಲ, ಆಗ ರಾಜಧಾನಿ ಎಳೆದ ಗೆರೆಯನ್ನು ದಾಟಿದ. ಅಖಾಡದಲ್ಲಾದರೋ ಅದೇ ಪ್ರೇಮ ಸರಕಾಗುತ್ತದೆ. ಕ್ಯಾಟ್ನಿಸ್ ಅವನಿಗೆ ಮುತ್ತು ಕೊಟ್ಟರೆ ಆಕಾಶದಿಂದ ಸಾರಿನ ಪಾತ್ರೆ ಇಳಿಯುತ್ತದೆ. ನೋಡುವ ಶ್ರೀಮಂತರಿಗೆ ಕಣ್ಣೀರು ಬಂದರೆ ಊಟ. ಮನಸ್ಸನ್ನೂ ಕೂಲಿಗೆ ಹಚ್ಚುವ ವ್ಯವಸ್ಥೆ ಇದು. ಕೊನೆಗೆ ಇಬ್ಬರೂ ಒಬ್ಬರನ್ನೊಬ್ಬರು ಕೊಲ್ಲಲೊಲ್ಲದೆ ವಿಷದ ಹಣ್ಣನ್ನು ಬಾಯಿಗೆ ಹಾಕಿಕೊಳ್ಳಲು ಹೊರಟಾಗ ಪ್ರಭುತ್ವ ನಡುಗಿ ಸೋಲೊಪ್ಪುತ್ತದೆ.

ಎರಡನೆಯ ಪುಸ್ತಕದಲ್ಲಿ ಸರ್ವಾಧಿಕಾರಿ ಸ್ನೋ ಅವಳ ಮನೆಗೇ ಬಂದು ಬೆದರಿಸುತ್ತಾನೆ: ನೀನು ಮಾಡಿದ್ದು ಪ್ರತಿಭಟನೆಯಲ್ಲ, ಪ್ರೇಮದ ಹುಚ್ಚು ಎಂದು ಜಿಲ್ಲೆಗಳನ್ನು ನಂಬಿಸಬೇಕು ಎಂದು. ನೋಡಿದಿರಾ! ಈ ಕಥೆಯನ್ನು ಬರಿಯ ಪ್ರೇಮಕಥೆಯಾಗಿ ಓದಬೇಕೆಂದು ಮೊದಲು ಅಪ್ಪಣೆ ಕೊಟ್ಟವನು ಕಥೆಯೊಳಗಿನ ಸರ್ವಾಧಿಕಾರಿಯೇ. ಹೊರಗಿನ ಮಾರುಕಟ್ಟೆ ಆ ಅಪ್ಪಣೆಯನ್ನು ಶಿರಸಾವಹಿಸಿತು. 2013ರಲ್ಲಿ ಕವರ್‌ಗರ್ಲ್ ಎಂಬ ಕಂಪೆನಿ ಕ್ಯಾಪಿಟಲ್‌ನ ಹೆಸರಿನಲ್ಲೇ ಮುಖಕ್ಕೆ ಬಳಿಯುವ ಬಣ್ಣಗಳನ್ನು ಮಾರಿತು!

ಆದರೆ ಜಿಲ್ಲೆಗಳು ನಂಬಲಿಲ್ಲ. ಎಂಟನೆಯ ಜಿಲ್ಲೆ ಬಟ್ಟೆ ಗಿರಣಿಗಳದು. ಅಲ್ಲಿ ಯಂತ್ರಗಳ ಗದ್ದಲದ ಮರೆಯಲ್ಲಿ ಬಾಯಿಂದ ಕಿವಿಗೆ ಬಂಡಾಯದ ಮಾತು ಹರಿಯುತ್ತದೆ. ಪ್ರೇಮಿಗಳ ಸಂದರ್ಶನವನ್ನು ಎಲ್ಲರೂ ನೋಡಲೇಬೇಕೆಂದು ಸರ್ಕಾರವೇ ಜನರನ್ನು ರಾತ್ರಿ ಚೌಕಗಳಲ್ಲಿ ಸೇರಿಸಿತು. ಜನ ಆ ರಾತ್ರಿಯೇ ದಂಗೆಯೆದ್ದರು. ದಂಗೆಯನ್ನು ತುಳಿದು, ಅನ್ನ ಕಲ್ಲಿದ್ದಲು ನಿಲ್ಲಿಸಿ, ಜನರನ್ನು ಮನೆಗಳಲ್ಲಿ ಕೂಡಿಹಾಕಿದರು. ಆದರೂ ಸುದ್ದಿ ನಿಲ್ಲಲಿಲ್ಲ. ಮುಂದೆ ಅಖಾಡದೊಳಕ್ಕೆ ಬಿಡುಗಡೆಯ ಸಂಕೇತ ಹೋದದ್ದು ರೊಟ್ಟಿಯ ರೂಪದಲ್ಲಿ: ಮೂರನೆಯ ಜಿಲ್ಲೆಯ ರೊಟ್ಟಿ ಬಂದರೆ ಮೂರನೆಯ ದಿನ, 24 ರೊಟ್ಟಿ ಇದ್ದರೆ 24ನೆಯ ಗಂಟೆ. ಬಟ್ಟೆ ನೇಯುವವರೂ ರೊಟ್ಟಿ ಸುಡುವವರೂ ಕೂಡಿದರೆ ಸಿಂಹಾಸನಕ್ಕೆ ನಿದ್ದೆಯಿಲ್ಲ.

ಇದೆಲ್ಲ ಕಟ್ಟುಕಥೆ ಎನ್ನುವವರು ಥಾಯ್ಲೆಂಡನ್ನು ನೋಡಲಿ. 2014ರ ಮೇ ತಿಂಗಳಲ್ಲಿ ಅಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಾಗ ಜನ ಈ ಕಥೆಯ ಮೂರು ಬೆರಳಿನ ವಂದನೆಯನ್ನು ಬೀದಿಯಲ್ಲಿ ಎತ್ತಿ ಹಿಡಿದರು. ನವೆಂಬರಿನಲ್ಲಿ ಪ್ರಧಾನಿಯಾಗಿದ್ದ ಸೇನಾಧಿಪತಿಯ ಎದುರಿಗೇ ಬೆರಳೆತ್ತಿದ ವಿದ್ಯಾರ್ಥಿಗಳನ್ನು ಹಿಡಿದೊಯ್ದರು. 2021ರಲ್ಲಿ ಮ್ಯಾನ್ಮಾರಿನ ಬೀದಿಗಳಲ್ಲೂ ಅದೇ ಮೂರು ಬೆರಳು ಎದ್ದವು. ಆ ತರುಣರು ಪೀಟಾನ ಪಕ್ಷವೋ ಗೇಲ್‌ನ ಪಕ್ಷವೋ ಎಂದು ಪೊಲೀಸರು ಕೇಳಲಿಲ್ಲ.

ಇನ್ನೊಂದು ಎಚ್ಚರಿಕೆಯ ಮಾತು, ಇದು ಚಳವಳಿಗಾರರಿಗೇ. ಸ್ನೋ ಬಿದ್ದ ಮೇಲೆ ಬಂಡಾಯದ ನಾಯಕಿ ಕಾಯಿನ್, ಈಗ ರಾಜಧಾನಿಯ ಮಕ್ಕಳನ್ನು ಅಖಾಡಕ್ಕೆ ಇಳಿಸೋಣ ಎನ್ನುತ್ತಾಳೆ. ಸ್ನೋನನ್ನು ಕೊಲ್ಲಲು ನಿಲ್ಲಿಸಿದ ಕ್ಯಾಟ್ನಿಸ್ ಬಾಣವನ್ನು ಕಾಯಿನ್‌ಳತ್ತ ತಿರುಗಿಸುತ್ತಾಳೆ. ಯಜಮಾನ ಬದಲಾಗಿ ಆಟ ಉಳಿದರೆ ಅದು ಕ್ರಾಂತಿಯಲ್ಲ, ಗುತ್ತಿಗೆ ಬದಲಾವಣೆ ಅಷ್ಟೆ.

ಆದ್ದರಿಂದ ಮಿತ್ರರೇ, ನಿಮ್ಮ ಮಗಳ ಕೈಯಲ್ಲಿ ಈ ಪುಸ್ತಕ ಕಂಡರೆ ಕಸಿದುಕೊಳ್ಳಬೇಡಿ. ಪ್ರೇಮದ ಪುಟಗಳನ್ನು ಹಾರಿಸಿ ಓದು ಎಂದೂ ಹೇಳಬೇಡಿ. ಬಂಡಾಯ ಅಡಗಿರುವುದು ಅಲ್ಲಿಯೇ. ಅವಳು ಓದಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಗಣಿಯವನ ಮಗಳೂ ರೊಟ್ಟಿಯವನ ಮಗನೂ ಒಂದಾದರೆ ರಾಜಧಾನಿಗೆ ಏಕೆ ಅಷ್ಟು ಭಯ? ಅವಳು ಕೊಡುವ ಉತ್ತರವನ್ನು ಗಿರಣಿಯಲ್ಲಿಯೂ ಸಂತೆಯಲ್ಲಿಯೂ ಹೇಳಿ.