ನೆಲದಡಿಯ ಕೊಳವೆಗೆ ಸಾಕ್ಷಿ ಬೇಕು

ಮನೆ ಕಟ್ಟಿಸಲು ಗುತ್ತಿಗೆದಾರರೊಂದಿಗೆ ಮಾಡಿಕೊಂಡ ಕರಾರುಪತ್ರವನ್ನು ತೆರೆದು ನೋಡಿ. ಕಬ್ಬಿಣ ಯಾವ ಕಂಪನಿಯದು, ಹಾಲಿನ ಟೈಲ್ಸಿಗೆ ಚದರಡಿಗೆ ಎಷ್ಟು ರೂಪಾಯಿ, ನಲ್ಲಿಗಳು ಯಾವ ಬ್ರ್ಯಾಂಡಿನವು, ಗೋಡೆಗೆ ಬಣ್ಣ ಎಷ್ಟು ಕೋಟು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಬಚ್ಚಲು, ಶೌಚಾಲಯ, ಅಡುಗೆಮನೆಯ ನೀರು ಹೊರಹೋಗುವ ದಾರಿಯ ಬಗ್ಗೆ ‘ಸ್ಯಾನಿಟರಿ ಕೆಲಸ ಸೇರಿದೆ’ ಎಂಬುದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಕೊಳವೆಯ ಅಳತೆ, ಇಳಿಜಾರು, ಚೇಂಬರ್‌ಗಳ ಜಾಗ, ಪರೀಕ್ಷೆ ಯಾವುದರ ಪ್ರಸ್ತಾಪವೂ ಇಲ್ಲ. ಮನೆಗೆ ಬಂದ ವರ್ಷದೊಳಗೆ ಕಟ್ಟಿಕೊಳ್ಳುವ ಬಚ್ಚಲು, ಗೋಡೆ ಮೇಲೇರುವ ತೇವ, ಕೆಳಮನೆಯ ಚಾವಣಿಯಿಂದ ತೊಟ್ಟಿಕ್ಕುವ ನೀರು ಇವೆಲ್ಲ ಈ ಮೌನದಿಂದಲೇ ಶುರುವಾಗುತ್ತವೆ.

ದೋಷ ಎಲ್ಲಿ ಹುಟ್ಟುತ್ತದೆ ಎಂಬುದು ಕಟ್ಟಡದ ಕೆಲಸ ಬಲ್ಲವರಿಗೆ ಗೊತ್ತಿರುವುದೇ. ಶೌಚಾಲಯದ ಜಾಗದಲ್ಲಿ ಸ್ಲ್ಯಾಬನ್ನು ಒಂದು, ಒಂದೂವರೆ ಅಡಿ ತಗ್ಗಿಸಿ, ಆ ತಗ್ಗಿನಲ್ಲಿ ಕೊಳವೆ ಹಾಯಿಸಿ, ಮೇಲೆ ಇಟ್ಟಿಗೆ ಚೂರು ತುಂಬಿ ಟೈಲ್ಸ್ ಹಾಕುತ್ತಾರೆ. ತಗ್ಗಿನ ತಳಕ್ಕೆ ವಾಟರ್‌ಪ್ರೂಫಿಂಗ್ ಮಾಡಿ, ನೀರು ನಿಲ್ಲಿಸಿ ಎರಡು ಮೂರು ದಿನ ಕಾದು ನೋಡಬೇಕು. ಕೆಲಸದ ಅವಸರದಲ್ಲಿ ಮೊದಲು ಕೈಬಿಡುವುದು ಈ ಕಾಯುವಿಕೆಯನ್ನೇ. ತುಂಬಲು ಹಗುರವಾದ ಚೂರಿನ ಬದಲು ಗಾರೆ ಗಟ್ಟಿಗಳು, ಕಲ್ಲು, ಉಳಿದ ಕಸ ಬೀಳುತ್ತವೆ. ಆ ಭಾರಕ್ಕೆ ಅಂಟು ಹಚ್ಚಿ ಇನ್ನೂ ಗಟ್ಟಿಯಾಗದ ಜೋಡಣೆ ಜರುಗುತ್ತದೆ. ಸರಿಯಾದ ಬೆಂಡ್ ಕೈಗೆ ಸಿಗದಿದ್ದರೆ ಪಿವಿಸಿ ಕೊಳವೆಯನ್ನೇ ಬೆಂಕಿಗೆ ಹಿಡಿದು ಬಗ್ಗಿಸುವವರಿದ್ದಾರೆ. ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪೆಂದರೆ, ಟೈಲ್ಸ್ ಕೆಲಸ ಮುಗಿದ ದಿನ ಬಾಣಲಿ ತೊಳೆದ ಸಿಮೆಂಟ್ ನೀರನ್ನು ನಹಾನಿ ಟ್ರ್ಯಾಪ್‌ಗೇ ಸುರಿಯುವುದು. ಅದು ಕೊಳವೆಯೊಳಗೆ ಕಲ್ಲಾಗುತ್ತದೆ. ಹೊಸ ಮನೆಯ ಬಚ್ಚಲು ಮೊದಲ ತಿಂಗಳಲ್ಲೇ ಕಟ್ಟಿಕೊಂಡರೆ ಮೊದಲ ಅನುಮಾನ ಇದರ ಮೇಲೇ ಇರಬೇಕು.

ಇನ್ನೊಂದು, ಗಾರೆಯವರು ವಾಟ ಎನ್ನುವ ಇಳಿಜಾರು. ನಾಲ್ಕು ಇಂಚಿನ ಕೊಳವೆಗೆ 40 ಅಡಿಗೆ 1 ಅಡಿ, ಅಂದರೆ 10 ಅಡಿ ಉದ್ದಕ್ಕೆ 3 ಇಂಚು ಇಳಿಯಬೇಕೆಂಬುದು ಹಳೆಯ, ಇಂದಿಗೂ ನಂಬಬಹುದಾದ ಲೆಕ್ಕ. ಹರಿಯುವ ನೀರು ತನ್ನ ದಾರಿಯನ್ನು ತಾನೇ ತೊಳೆದುಕೊಂಡು ಹೋಗಲು ಸೆಕೆಂಡಿಗೆ ಸುಮಾರು 0.75 ಮೀಟರ್ ವೇಗ ಬೇಕು. ವಾಟ ಕಡಿಮೆಯಾದರೆ ಮಲ, ಜಿಡ್ಡು ತಳದಲ್ಲಿ ಕೂರುತ್ತವೆ. ಗಾಳಿಕೊಳವೆ ಇಡದಿದ್ದರೆ, ಮೇಲಿನಿಂದ ರಭಸವಾಗಿ ಇಳಿಯುವ ನೀರು ಟ್ರ್ಯಾಪ್‌ನಲ್ಲಿ ನಿಂತ ನೀರನ್ನು ಎಳೆದುಕೊಂಡು ಹೋಗುತ್ತದೆ. ಚರಂಡಿಯ ದುರ್ವಾಸನೆಯನ್ನು ತಡೆಯುವುದು ಆ ಎರಡು ಇಂಚು ನೀರು ಮಾತ್ರ. ಗೊಳಗೊಳ ಸದ್ದಿನ ಹಿಂದೆಯೇ ವಾಸನೆ ಬಂದರೆ ಫಿನಾಯಿಲ್ ಸುರಿದು ಫಲವಿಲ್ಲ, ಗಾಳಿಯ ದಾರಿ ಹುಡುಕಬೇಕು.

ಮಳೆಗಾಲದಲ್ಲಿ ಮಾತ್ರ ಕಾಣಿಸುವ ದೋಷಗಳು ಬೇರೆ. ಬೆಂಗಳೂರಿನಲ್ಲಿ 30x40 ನಿವೇಶನದ ಹೊಸ ಮನೆಗೂ ಮಳೆನೀರು ಸಂಗ್ರಹ ಕಡ್ಡಾಯ. ಆದರೂ ತಾರಸಿಯ ನೀರಿನ ಕೊಳವೆಯನ್ನು ಸ್ಯಾನಿಟರಿ ಚೇಂಬರ್‌ಗೆ ಸೇರಿಸುವುದು ನಿಂತಿಲ್ಲ. ಒಳಚರಂಡಿ ಅಷ್ಟು ನೀರಿಗೆ ಮಾಡಿದ್ದಲ್ಲ. ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕಿ, ತಗ್ಗಿನ ಮನೆಯ ಬಚ್ಚಲಿಗೆ ಊರಿನ ಕೊಳಚೆ ಹಿಮ್ಮುಖವಾಗಿ ನುಗ್ಗುತ್ತದೆ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಮನೆಯ ನೆಲವೇ ತಗ್ಗಾದ ಬೀದಿಗಳಲ್ಲಂತೂ ಹಿಮ್ಮುಖ ಹರಿವು ತಡೆಯುವ ವಾಲ್ವ್ ಇಲ್ಲದೆ ಉಪಾಯವಿಲ್ಲ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ವಿಲ್ಲಾಗಳು ಮುಳುಗಿದವಲ್ಲ, ಅದು ಬಡಾವಣೆಯ, ರಾಜಕಾಲುವೆಯ ಸಂಗತಿ. ಅಲ್ಲಿ ಒಬ್ಬ ಮನೆಯೊಡೆಯ ಒಂಟಿಯಾಗಿ ಮಾಡಬಹುದಾದದ್ದು ಕಡಿಮೆ.

ದೋಷ ಕಂಡ ಕೂಡಲೇ ಟೈಲ್ಸ್ ಒಡೆಸಬಾರದು. ಎಲ್ಲ ನಲ್ಲಿ ನಿಲ್ಲಿಸಿದ ಮೇಲೂ ತೇವ ಹೆಚ್ಚುತ್ತಿದ್ದರೆ ಸೋರುವುದು ಒಳಬರುವ ನೀರಿನ ಕೊಳವೆ. ಸ್ನಾನ ಮಾಡಿದ ಮೇಲಷ್ಟೇ ಹೆಚ್ಚಿದರೆ ಹೊರಹೋಗುವ ಕೊಳವೆ ಅಥವಾ ಟೈಲ್ಸಿನ ಸಂದು. ಬಚ್ಚಲಿಗೆ ಬಣ್ಣ ಕಲಸಿದ ನೀರು ಸುರಿದು ಅದು ಎಲ್ಲಿ ಹೊಮ್ಮುತ್ತದೆಂದು ನೋಡಬಹುದು. ಈಗ ನಗರಗಳಲ್ಲಿ ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ತೋರಿಸುವವರೂ ಸಿಗುತ್ತಾರೆ. ಫೋಟೊ, ವಿಡಿಯೊ ತೆಗೆದು, ಕಟ್ಟಿದವರಿಗೆ ಬರಹದಲ್ಲಿ ತಿಳಿಸಿದ ಮೇಲಷ್ಟೇ ಸುತ್ತಿಗೆ ಎತ್ತಬೇಕು. ನಮ್ಮವರು ಫೋನಿನಲ್ಲಿ ಹೇಳಿ ಸುಮ್ಮನಾಗುತ್ತಾರೆ, ‘ನಾಳೆ ಹುಡುಗರನ್ನು ಕಳಿಸುತ್ತೇನೆ’ ಎಂಬ ಮಾತಿಗೆ ತಿಂಗಳುಗಟ್ಟಲೆ ಕಾಯುತ್ತಾರೆ. ಕೊನೆಗೆ ಸ್ವಂತ ದುಡ್ಡಿನಲ್ಲಿ ಒಡೆಸಿ ಸರಿಮಾಡಿಸಿದಾಗ ದೋಷದ ಜೊತೆಗೆ ಪುರಾವೆಯೂ ಅಳಿಸಿಹೋಗಿರುತ್ತದೆ.

ಕಾನೂನು ಇಲ್ಲವೆಂದಲ್ಲ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ರೇರಾದ 14(3)ನೇ ಸೆಕ್ಷನ್ ಸ್ಪಷ್ಟವಾಗಿದೆ. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯ ದೋಷವನ್ನಷ್ಟೇ ಅಲ್ಲ, ಕೆಲಸಗಾರಿಕೆ, ಗುಣಮಟ್ಟ, ಸೌಲಭ್ಯಗಳ ದೋಷವನ್ನೂ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಹಣ ಕೇಳದೆ ಸರಿಪಡಿಸಬೇಕು. ತಪ್ಪಿದರೆ ಪರಿಹಾರ ಕೊಡಬೇಕು. ಪಿಲ್ಲರು, ಬೀಮು ಬಿರಿದರೆ ಮಾತ್ರ ಐದು ವರ್ಷದ ಹೊಣೆ, ಕೊಳವೆಗೆ ಒಂದೇ ವರ್ಷ ಎಂದು ಹೇಳುವ ಬಿಲ್ಡರ್‌ಗಳ ಮಾತಿಗೆ ಈ ಕಾಯ್ದೆಯಲ್ಲಿ ಆಧಾರವಿಲ್ಲ.

ಆದರೆ ರೇರಾ ಇರುವುದು ಮಾರಾಟಕ್ಕಾಗಿ ಕಟ್ಟುವ ಯೋಜನೆಗಳಿಗೆ. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು 8ಕ್ಕಿಂತ ಹೆಚ್ಚಿಲ್ಲದಿದ್ದರೆ ನೋಂದಣಿಯೇ ಬೇಕಿಲ್ಲ. ಸ್ವಂತ ನಿವೇಶನದಲ್ಲಿ ಸಾಲ ಮಾಡಿ, ಚದರಕ್ಕೆ ಇಷ್ಟೆಂದು ಮೇಸ್ತ್ರಿಗೆ ಒಪ್ಪಿಸಿ ಕಟ್ಟಿಸುವ ಹಾವೇರಿಯ ಶಿಕ್ಷಕರಿಗೆ, ಹಾಸನದ ಅಂಗಡಿಯವರಿಗೆ ಅದು ಒದಗದು. ಅವರಿಗಿರುವುದು ಗ್ರಾಹಕ ಕಾನೂನು. ಮನೆ ನಿರ್ಮಾಣವೂ ‘ಸೇವೆ’ ಎಂದು ಅದು ಹೇಳುತ್ತದೆ. ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗಕ್ಕೇ ದೂರು ಕೊಡಬಹುದು. ಕಾಲಮಿತಿ ಎರಡು ವರ್ಷ. ಮೇಸ್ತ್ರಿಯ ಮೇಲಿನ ದಾಕ್ಷಿಣ್ಯದಲ್ಲಿ ಆ ಎರಡು ವರ್ಷ ಕಳೆದೇಹೋಗುತ್ತವೆ.

ದೂರು ಕೊಟ್ಟವರಿಗೂ ಎದುರಾಗುವ ಗೋಡೆ ಒಂದೇ. ಕೊಳವೆ ಹೇಗಿತ್ತು ಎನ್ನುವುದಕ್ಕೆ ದಾಖಲೆಯಿಲ್ಲ. ‘ಇವರೇ ಬಟ್ಟೆ, ಕೂದಲು ಹಾಕಿ ಕಟ್ಟಿಸಿದ್ದಾರೆ’ ಎಂದು ಎದುರು ಪಕ್ಷ ಹೇಳಿದರೆ ಉತ್ತರಿಸುವುದು ಕಷ್ಟ. ಮಂಜೂರಾದ ನಕ್ಷೆಯಲ್ಲಿ ಕೋಣೆಗಳಿರುತ್ತವೆ, ಕೊಳವೆ ನಿಜವಾಗಿ ಹಾದುಹೋದ ದಾರಿ ಇರುವುದಿಲ್ಲ. ಸ್ವಾಧೀನಾನುಭವ ಪತ್ರ ಕೊಡುವಾಗ ಅಧಿಕಾರಿಗಳು ಹೆಚ್ಚಾಗಿ ನೋಡುವುದು ಸೆಟ್‌ಬ್ಯಾಕ್, ಮಹಡಿಗಳ ಲೆಕ್ಕ. ಚೇಂಬರಿನ ಮುಚ್ಚಳ ಎತ್ತಿಸಿ ಒಂದು ಬಕೆಟ್ ನೀರು ಹರಿಸಿ ನೋಡುವ ಪದ್ಧತಿ ಬೆಳೆದಿಲ್ಲ. 2025ರಲ್ಲಿ ಬೆಂಗಳೂರಿನ 1,200 ಚದರಡಿವರೆಗಿನ ನಿವೇಶನದ ಮನೆಗಳಿಗೆ ಆ ಪತ್ರದಿಂದಲೇ ಸರ್ಕಾರ ವಿನಾಯಿತಿ ನೀಡಿತು. ವಿದ್ಯುತ್ ಸಂಪರ್ಕ ಸಿಗದೆ ಪರದಾಡುತ್ತಿದ್ದ ಕುಟುಂಬಗಳಿಗೆ ಅದು ಅಗತ್ಯವಾಗಿತ್ತು, ಒಪ್ಪುತ್ತೇನೆ. ಆದರೆ ಸಣ್ಣ ಮನೆಗೆ ಇದ್ದ ಕಡೆಯ ತಪಾಸಣೆಯೂ ಅದರೊಂದಿಗೆ ಹೋಯಿತು, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ.

ಇದನ್ನು ದುಡ್ಡಿನ, ಕಿರಿಕಿರಿಯ ವಿಷಯವೆಂದು ಬದಿಗಿಡಲಾಗದು. ಲೈನ್ ಪದೇ ಪದೇ ಕಟ್ಟಿಕೊಂಡಾಗ ಮನೆಯೊಡೆಯ ಕರೆತರುವುದು ಯಾರನ್ನು? ಮಲದ ಗುಂಡಿ, ಚರಂಡಿಯೊಳಗೆ ರಕ್ಷಣಾ ಸಲಕರಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ; ಮೊದಲ ಅಪರಾಧಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸುವಂತೆ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಆದೇಶಿಸಬೇಕಾಯಿತು. ವಾಟ ತಪ್ಪಿದ ಕೊಳವೆಯನ್ನು ಟೈಲ್ಸಿನಡಿ ಮುಚ್ಚಿದವನ ತಪ್ಪಿಗೆ ಪ್ರಾಣ ಒಡ್ಡುವವನು ಆ ಮನೆಯ ಹೊಸ್ತಿಲನ್ನೂ ಎಂದೂ ದಾಟಿರದ ಒಬ್ಬ ಕಾರ್ಮಿಕ.

ಹಾಗಾಗಿ ಕೊಳವೆ ಮುಚ್ಚುವ ಮುನ್ನ ಪರೀಕ್ಷೆ ಆಗಲೇಬೇಕು, ಅದು ದಾಖಲೆಯಾಗಿ ಉಳಿಯಬೇಕು. ಎಂಜಿನಿಯರಿಂಗ್‌ನಲ್ಲಿ ಇದಕ್ಕೆ ಸರಳ ವಿಧಾನಗಳು ಮೊದಲಿಂದಲೂ ಇವೆ. ಕೊಳವೆಗೆ ನೀರು ತುಂಬಿ ಜೋಡಣೆ ನೋಡುವುದು, ಒಂದು ತುದಿಯಲ್ಲಿ ದೀಪ, ಇನ್ನೊಂದರಲ್ಲಿ ಕನ್ನಡಿ ಹಿಡಿದು ನೇರವಿದೆಯೇ ಎಂದು ಪರಿಶೀಲಿಸುವುದು, ಕೊಳವೆಗಿಂತ ತುಸು ಚಿಕ್ಕ ಚೆಂಡನ್ನು ಉರುಳಿಸಿ ಹೊರಬರುತ್ತದೆಯೇ ಎಂದು ನೋಡುವುದು. ಇವೆಲ್ಲ ಒಂದು ದಿನದ ಕೆಲಸ. ರೇರಾ ನೋಂದಾಯಿತ ಯೋಜನೆಗಳಲ್ಲಿ ಈ ಪರೀಕ್ಷೆಯ ವರದಿಯನ್ನೂ ಕೊಳವೆ ನಿಜವಾಗಿ ಹಾದುಹೋದ ನಕ್ಷೆಯನ್ನೂ ಬೀಗದ ಕೈಯೊಂದಿಗೇ ಕೊಡಬೇಕೆಂದು ಪ್ರಾಧಿಕಾರ ಆದೇಶಿಸಲಿ. ಸಣ್ಣ ಮನೆಗಳಿಗೆ, ನಕ್ಷೆಗೆ ಸಹಿ ಹಾಕುವ ಎಂಜಿನಿಯರೇ ತೆರೆದ ಕೊಳವೆಯ ಮುಂದೆ ನಿಂತು ಫೋಟೊ ಸಮೇತ ಪ್ರಮಾಣಪತ್ರ ಕೊಡುವ ನಿಯಮವನ್ನು ಸ್ಥಳೀಯ ಸಂಸ್ಥೆಗಳು ತರಲಿ. ಸಾಲದ ಕಂತನ್ನು ಹಂತ ಹಂತವಾಗಿ ಬಿಡುಗಡೆ ಮಾಡುವ ಬ್ಯಾಂಕುಗಳು ಟೈಲ್ಸ್ ಹಂತದ ಕಂತಿಗೆ ಮುನ್ನ ಆ ಪತ್ರ ಕೇಳಲಿ. ಮನೆಯೊಡೆಯರು ಕರಾರುಪತ್ರದಲ್ಲಿ ವಾಟದ ಲೆಕ್ಕ, ಪರೀಕ್ಷೆಯ ದಿನ ಬರೆಸಿ, ಕಡೆಯ ಕಂತನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವ ಷರತ್ತನ್ನೂ ಅದರಲ್ಲೇ ಸೇರಿಸಲಿ.