ಗುಮಾನಿಯ ಆಟ

ಸಹೋದರಿಯರೇ, ಆಟದ ಸುದ್ದಿಗೂ ಈ ಪುಟಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ನಿಮ್ಮ ಮನೆಯಲ್ಲಿ ಬಾಸ್ಕೆಟ್‌ಬಾಲ್ ಹುಚ್ಚಿನ ಹುಡುಗನಿದ್ದರೆ ಸ್ವಲ್ಪ ಗಮನಿಸಿ ನೋಡಿ. ಆಟ ನೋಡುವಷ್ಟೇ ಆಸಕ್ತಿಯಿಂದ ಅವನು ಮೊಬೈಲಿನಲ್ಲಿ ಇನ್ನೊಂದನ್ನು ಓದುತ್ತಿರುತ್ತಾನೆ. ಯಾವ ದೊಡ್ಡ ಆಟಗಾರ ಯಾವ ತಂಡ ಬಿಡುತ್ತಾನಂತೆ, ಅವನ ಬದಲಿಗೆ ಯಾರು ಬರುತ್ತಾರಂತೆ ಎಂಬ ಅಂತೆಕಂತೆಗಳನ್ನು! ಅಮೇರಿಕಾದ ಎನ್‌ಬಿಎ ಎಂಬ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಇದೇ ಒಂದು ಪ್ರತ್ಯೇಕ ಆಟವಾಗಿ ಬೆಳೆದಿದೆ.

ಅಲ್ಲಿ ಆಟಗಾರನ ಒಪ್ಪಂದ ತಂಡದ ಕೈಯಲ್ಲಿರುತ್ತದೆ. ತಂಡ ಬಯಸಿದರೆ ಆ ಒಪ್ಪಂದವನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಬದಲಿಗೆ ಬೇರೆ ಆಟಗಾರರನ್ನೋ ಮುಂದಿನ ವರ್ಷಗಳಲ್ಲಿ ಹೊಸಬರನ್ನು ಆರಿಸುವ ಹಕ್ಕನ್ನೋ ಪಡೆಯಬಹುದು. ಇದನ್ನು ‘ಟ್ರೇಡ್’ ಎನ್ನುತ್ತಾರೆ. ಸಾಮಾನ್ಯವಾಗಿ ಆಟಗಾರನ ಒಪ್ಪಿಗೆಯೂ ಬೇಕಾಗಿಲ್ಲ. ಇಂದು ಒಂದು ಊರಿನಲ್ಲಿದ್ದವನು ನಾಳೆ ಸಾವಿರಾರು ಮೈಲಿ ದೂರದ ಊರಿನಲ್ಲಿರಬೇಕು. ಹೆಂಡತಿ ಮನೆ ಕಟ್ಟಿಕೊಂಡು ಹೊರಡಬೇಕು, ಮಕ್ಕಳ ಶಾಲೆ ಬದಲಾಗಬೇಕು. ನಿರ್ಧಾರವಾಗುವ ಮೊದಲೇ ನೂರು ಬಾಯಿಗಳಲ್ಲಿ ಅದು ನಿರ್ಧಾರವಾಗಿಬಿಟ್ಟಿರುತ್ತದೆ. ಊಹೆ ಸರಿಯಾದರೆ ಊಹಿಸಿದವನಿಗೆ ಹೆಸರು. ತಪ್ಪಾದರೆ ಅವನಿಗೇನೂ ನಷ್ಟವಿಲ್ಲ. ನಷ್ಟವೆಲ್ಲ ಯಾರ ಬಗ್ಗೆ ಊಹಿಸಲಾಯಿತೋ ಅವನದು.

ಇಂತಹ ಊಹೆಯ ಬಿರುಗಾಳಿಗೆ ಸಿಕ್ಕಿದ ನಮ್ಮದೇ ಸಮುದಾಯದ ಒಬ್ಬ ಸಹೋದರರ ಕಥೆ ನಿಮಗೆ ಹೇಳಬೇಕು. ಹಕೀಮ್ ಒಲಾಜುವಾನ್ ನೈಜೀರಿಯಾದ ಲಾಗೋಸ್ ನಗರದಲ್ಲಿ 1963ರಲ್ಲಿ ಹುಟ್ಟಿದವರು. ತಂದೆ ತಾಯಿ ಸಿಮೆಂಟ್ ವ್ಯಾಪಾರಿಗಳು. ಓದಲೆಂದು ಅಮೇರಿಕಾದ ಹೂಸ್ಟನ್‌ಗೆ ಹೋದ ಈ ಏಳಡಿ ಎತ್ತರದ ಯುವಕನನ್ನು 1984ರಲ್ಲಿ ಅದೇ ನಗರದ ಹೂಸ್ಟನ್ ರಾಕೆಟ್ಸ್ ತಂಡ ಮೊಟ್ಟಮೊದಲ ಆಯ್ಕೆಯಾಗಿ ಸೇರಿಸಿಕೊಂಡಿತು. ಮುಂದೆ ಜಗತ್ಪ್ರಸಿದ್ಧರಾದ ಮೈಕೆಲ್ ಜೋರ್ಡನ್ ಆ ವರ್ಷ ಆಯ್ಕೆಯಾದದ್ದು ಮೂರನೆಯವರಾಗಿ. ಅಮೇರಿಕಾದಲ್ಲಿ ಇವರ ಹೆಸರನ್ನು ‘ಅಕೀಮ್’ ಎಂದು ಬರೆಯುತ್ತಿದ್ದರು. 1991ರಲ್ಲಿ ಅವರು ಅದನ್ನು ‘ಹಕೀಮ್’ ಎಂದು ಸರಿಪಡಿಸಿಕೊಂಡರು. ಹಕೀಮ್ ಎಂದರೆ ವಿವೇಕಿ.

ಮರು ವರ್ಷವೇ ಆ ವಿವೇಕಕ್ಕೆ ಪರೀಕ್ಷೆ ಬಂತು. 1992ರ ಮಾರ್ಚ್‌ನಲ್ಲಿ ತೊಡೆಯ ಹಿಂಭಾಗದ ಸ್ನಾಯು ನೋಯುತ್ತಿದೆ, ಆಡಲಾರೆ ಎಂದು ಅವರು ಹೇಳಿದರು. ತಂಡದವರು ನಂಬಲಿಲ್ಲ. ಹೆಚ್ಚಿನ ಸಂಬಳದ ಹೊಸ ಒಪ್ಪಂದಕ್ಕಾಗಿ ನೋವಿನ ನೆಪ ಹೂಡುತ್ತಿದ್ದಾರೆ ಎಂದು ಗುಮಾನಿಪಟ್ಟರು. ಅಮಾನತು ಮಾಡಿದರು. ಆ ಋತುವಿನಲ್ಲಿ ತಂಡ ಒಂದೇ ಒಂದು ಪಂದ್ಯದ ಅಂತರದಿಂದ ಮುಂದಿನ ಸುತ್ತು ತಪ್ಪಿಸಿಕೊಂಡಿತು. ನೊಂದ ಹಕೀಮ್ ತಮ್ಮನ್ನು ಬೇರೆ ತಂಡಕ್ಕೆ ಕಳಿಸಿಬಿಡಿ ಎಂದು ಕೇಳಿದರು. ಮುಗಿಯಿತು! ಯಾವ ತಂಡಕ್ಕೆ, ಯಾರ ಬದಲಿಗೆ, ಎಂದು ಎಂಬ ಚರ್ಚೆ ಬೇಸಿಗೆಯುದ್ದಕ್ಕೂ ನಡೆಯಿತು. ಎಂಟು ವರ್ಷ ದುಡಿದ ಊರಿನಲ್ಲಿ ಅವರು ಇನ್ನು ಉಳಿಯುವುದಿಲ್ಲ ಎಂಬ ಮಾತೇ ಎಲ್ಲೆಡೆ.

ಸಂಬಳ ಹೆಚ್ಚು ಕೇಳುವುದು ತಪ್ಪಲ್ಲ. ಒಪ್ಪಂದ ಪಾಲಿಸಬೇಕೆಂದು ತಂಡದ ಮಾಲೀಕ ಬಯಸುವುದೂ ತಪ್ಪಲ್ಲ. ಕರಾರುಗಳನ್ನು ಪೂರೈಸಬೇಕೆಂಬ ಆದೇಶದಿಂದಲೇ ಸೂರಃ ಅಲ್‌ಮಾಇದಃ ಆರಂಭವಾಗುತ್ತದೆ. ಎರಡೂ ಕಡೆ ಹೇಳಲು ಮಾತಿತ್ತು. ಆದರೆ ಒಬ್ಬ ಮನುಷ್ಯ ನೋವಾಗುತ್ತಿದೆ ಎಂದಾಗ, ನೋವನ್ನು ಬಿಟ್ಟು ಅವನ ಮನಸ್ಸಿನೊಳಗೆ ಇಣುಕಿ ತೀರ್ಪು ಕೊಟ್ಟದ್ದರಿಂದ ಮಾತು ಮುರಿಯಿತು. ಮಾತು ನಿಂತಲ್ಲಿ ಊಹೆ ಹುಟ್ಟಿತು.

ಪವಿತ್ರ ಕುರ್‌ಆನಿನ ಸೂರಃ ಅಲ್‌ಹುಜುರಾತ್ ಚಿಕ್ಕ ಅಧ್ಯಾಯ, ಹದಿನೆಂಟೇ ಸೂಕ್ತಗಳು. ಅದರ ಆರನೆಯ ಸೂಕ್ತ ತಂದ ಸುದ್ದಿಯನ್ನು ಮೊದಲು ಪರಿಶೀಲಿಸಲು ಹೇಳುತ್ತದೆ. ಹನ್ನೆರಡನೆಯ ಸೂಕ್ತ ಮೂರು ವಿಷಯಗಳನ್ನು ಒಂದರ ಹಿಂದೆ ಒಂದರಂತೆ ನಿಷೇಧಿಸುತ್ತದೆ: ಮೊದಲು ಗುಮಾನಿ, ಆಮೇಲೆ ಗುಟ್ಟು ಕೆದಕುವುದು, ಆಮೇಲೆ ಪರದೂಷಣೆ. ಈ ಕ್ರಮವನ್ನು ಗಮನಿಸಿ. ಗುಮಾನಿ ಬಂದವನು ಅದಕ್ಕೆ ಸಾಕ್ಷಿ ಹುಡುಕಲು ಹೊರಡುತ್ತಾನೆ. ಸಿಕ್ಕಿದ ಚೂರುಪಾರು ಹಿಡಿದು ನಾಲ್ಕು ಜನರ ಮುಂದೆ ಮಾತಾಡುತ್ತಾನೆ. ಒಂದು ಬಾಗಿಲು ತೆರೆದರೆ ಮೂರೂ ತೆರೆದಂತೆಯೇ.

ಈಗ ಹೂಸ್ಟನ್ ಬಿಟ್ಟು ನಮ್ಮ ಅಡುಗೆಮನೆಗೆ ಬನ್ನಿ. ಸೊಸೆ ಸೊಂಟ ನೋವೆಂದು ಮಲಗಿದ್ದಾಳೆ. “ಇವತ್ತು ನಾದಿನಿ ಮಕ್ಕಳೊಂದಿಗೆ ಬರುತ್ತಾಳಲ್ಲ, ಅದಕ್ಕೇ ಈ ನಾಟಕ” ಎಂದು ಯಾರೋ ಪಿಸುಗುಟ್ಟುತ್ತಾರೆ. ಡಾಕ್ಟರ ಬಳಿ ಹೋಗೋಣವೇ ಎಂದು ಕೇಳುವವರಿಲ್ಲ. ಮಗಳು ತವರಿಗೆ ಬಂದು ಎರಡು ವಾರವಾಯಿತು. ಪಕ್ಕದ ಮನೆಯಲ್ಲಿ ಲೆಕ್ಕಾಚಾರ ಆರಂಭ. ಗಂಡ ಫೋನ್ ಮಾಡುತ್ತಾನೋ ಇಲ್ಲವೋ? ಬಂಗಾರ ತಂದಿದ್ದಾಳೋ ಇಲ್ಲವೋ? ಮೂರನೆಯ ವಾರಕ್ಕೆ ‘ತಲಾಖ್ ಆಗಿದೆಯಂತೆ’ ಎಂಬ ಸುದ್ದಿ ವಾಟ್ಸಪ್ಪಿನಲ್ಲಿ ಗಲ್ಫ್‌ನಲ್ಲಿರುವ ಅಣ್ಣನಿಗೂ ತಲುಪುತ್ತದೆ. ಪಾಪ, ಗಂಡ ಹೆಂಡತಿ ನಡುವೆ ಇದ್ದದ್ದು ಒಂದು ಸಣ್ಣ ಮುನಿಸು. ಇಡೀ ಊರು ಅವಳನ್ನು ಕಳಿಸಿಕೊಟ್ಟಾಗಿದೆ, ಇನ್ನು ಅವಳು ಮರಳುವುದಾದರೂ ಯಾವ ಮುಖದಿಂದ? ಆಟಗಾರನ ಬಗ್ಗೆ ಊಹಿಸುವ ಹುಡುಗನನ್ನು ಗದರಿಸುವ ನಾವು, ನಮ್ಮ ಹೆಣ್ಣುಮಕ್ಕಳ ಬಾಳಿನ ಮೇಲೆ ಅದೇ ಆಟ ಆಡುತ್ತಿಲ್ಲವೇ?

ಹಕೀಮ್ ಅವರ ಕಥೆ ಮುಗಿದಿಲ್ಲ. 1992ರ ನವೆಂಬರ್‌ನಲ್ಲಿ ಹೊಸ ಋತುವಿನ ಮೊದಲ ಪಂದ್ಯಗಳು ಜಪಾನಿನ ಯೊಕೊಹಾಮದಲ್ಲಿ ಇದ್ದವು. ಗಂಟೆಗಟ್ಟಲೆಯ ವಿಮಾನ ಪ್ರಯಾಣ. ಅದೇ ವಿಮಾನದಲ್ಲಿ ತಂಡದ ಮಾಲೀಕ ಚಾರ್ಲಿ ಥಾಮಸ್ ಕೂಡ ಇದ್ದರು. ಇಬ್ಬರೂ ಕುಳಿತು ಮಾತಾಡಿದರು. ತಿಂಗಳುಗಟ್ಟಲೆ ಬೆಳೆದಿದ್ದ ಮುನಿಸು ವಿಮಾನ ಇಳಿಯುವಷ್ಟರಲ್ಲಿ ಇಳಿಯಿತು. 1993ರಲ್ಲಿ ಅವರ ಒಪ್ಪಂದವೂ ನವೀಕರಣಗೊಂಡಿತು.

ಮುಂದೆ ನಡೆದದ್ದನ್ನು ನೋಡಿ. 1994ರಲ್ಲಿ ಹೂಸ್ಟನ್ ತಂಡ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಲೀಗ್‌ನ ಶ್ರೇಷ್ಠ ಆಟಗಾರ, ಶ್ರೇಷ್ಠ ರಕ್ಷಣಾ ಆಟಗಾರ, ಫೈನಲ್‌ನ ಶ್ರೇಷ್ಠ ಆಟಗಾರ — ಮೂರೂ ಗೌರವ ಒಂದೇ ಋತುವಿನಲ್ಲಿ ಹಕೀಮ್ ಅವರಿಗೆ ಬಂದವು. 1995ರ ಫೆಬ್ರವರಿಯಲ್ಲಿ ರಮಝಾನ್ ಬಂತು. ಉಪವಾಸವಿದ್ದುಕೊಂಡೇ ಆಡಿದ ಅವರು ಆ ತಿಂಗಳ ಉತ್ತಮ ಆಟಗಾರರೆನಿಸಿದರು. ಅದೇ ತಿಂಗಳು ಅವರ ಕಾಲೇಜು ದಿನಗಳ ಗೆಳೆಯ ಕ್ಲೈಡ್ ಡ್ರೆಕ್ಸ್ಲರ್ ಒಂದು ಟ್ರೇಡ್ ಮೂಲಕವೇ ತಂಡ ಸೇರಿದರು, ಆ ವರ್ಷವೂ ಪ್ರಶಸ್ತಿ ಬಂತು. ಹಕೀಮ್ ಕೊನೆಗೂ ಟೊರಾಂಟೊ ತಂಡಕ್ಕೆ ಹೋದದ್ದು 2001ರಲ್ಲಿ, ಹದಿನೇಳು ಋತುಗಳ ನಂತರ. 1992ರಲ್ಲಿ ಅವರನ್ನು ಗಂಟುಮೂಟೆ ಕಟ್ಟಿಸಿದ್ದ ಊಹೆಗಳು ಒಂಬತ್ತು ವರ್ಷ ತಪ್ಪಿದ್ದವು. ಆ ಊರಿನೊಂದಿಗಿನ ನಂಟು ಅವರು ಬಿಡಲಿಲ್ಲ. ಹೂಸ್ಟನ್ ನಗರದ ನಡುವೆ ಹಳೆಯ ಬ್ಯಾಂಕ್ ಕಟ್ಟಡವೊಂದು ಅವರ ಪ್ರಯತ್ನದಿಂದ ಇಂದು ನಮಾಝ್ ನಡೆಯುವ ಇಸ್ಲಾಮೀ ಕೇಂದ್ರವಾಗಿದೆ. ಆ ಬೇಸಿಗೆಯ ಊಹೆ ನಿಜವಾಗಿದ್ದರೆ ಹೂಸ್ಟನ್ ಏನೆಲ್ಲ ಕಳೆದುಕೊಳ್ಳುತ್ತಿತ್ತು!

ದಂಪತಿಗಳ ನಡುವೆ ಒಡಕು ಬಂದರೆ ಅವನ ಕಡೆಯಿಂದ ಒಬ್ಬರು, ಅವಳ ಕಡೆಯಿಂದ ಒಬ್ಬರು ಕುಳಿತು ಮಾತಾಡಬೇಕೆಂದು ಸೂರಃ ಅನ್ನಿಸಾ ನಮಗೆ ದಾರಿ ತೋರಿಸಿದೆ. ಊರಿನವರೆಲ್ಲ ಕುಳಿತು ಮಾತಾಡಬೇಕೆಂದು ಹೇಳಿಲ್ಲ.

ಆದ್ದರಿಂದ ಸಹೋದರಿಯರೇ, ಈ ತಿಂಗಳು ಒಂದು ಸಣ್ಣ ಅಭ್ಯಾಸ ಮಾಡೋಣ. ಮನೆಯಲ್ಲಿ ಯಾರಾದರೂ ನೋವೆಂದರೆ ಮೊದಲು ನಂಬೋಣ, ಆಮೇಲೆ ವಿಚಾರಿಸೋಣ. ‘ಅಂತೆ’ ಎಂದು ಮುಗಿಯುವ ಸುದ್ದಿ ನಮ್ಮ ಕಿವಿಗೆ ಬಿದ್ದರೆ ಅದು ಅಲ್ಲಿಗೇ ನಿಲ್ಲಲಿ. ಕೇಳಬೇಕೆನಿಸಿದರೆ ಸಂಬಂಧಪಟ್ಟವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಲೋಟ ಚಹಾ ಕೊಟ್ಟು, ಪ್ರೀತಿಯಿಂದ ಕೇಳೋಣ. ಅವಳು ಹೇಳಲು ಬಯಸದಿದ್ದರೆ ದುಆ ಮಾಡಿ ಸುಮ್ಮನಾಗೋಣ. ಮನಸ್ಸುಗಳ ಒಳಗನ್ನು ಬಲ್ಲವನು ಅಲ್ಲಾಹನು ಮಾತ್ರ. ಆ ಕೆಲಸವನ್ನು ಅವನಿಗೇ ಬಿಡೋಣ.