ಬೋಟು ನಡೆಸಲೂ ಲೈಸನ್ಸು ಬೇಕು

ಆಟೋದವನಿಗೆ ಲೈಸನ್ಸು ಬೇಕು, ಬಸ್ಸಿನವನಿಗೂ ಬೇಕು. ಕಾರವಾರದಲ್ಲಿ ಜನ ತುಂಬಿಕೊಂಡು ನೀರಿಗಿಳಿಯುವ ಬೋಟಿನವನನ್ನು ಮಾತ್ರ "ನಿನ್ನ ಸರ್ಟಿಫಿಕೇಟು ಎಲ್ಲಿ ಮಾರಾಯಾ?" ಎಂದು ಕೇಳುವವರು ಕಡಿಮೆ. 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತದ್ದು ಊರಿಗೆ ಮರೆತೀತೆ?

ಅದು ಕಡಲಿನ ಮಾತಾಯಿತು. ಕಾಳಿ ಹೊಳೆಯಂಥ ಒಳನೀರಿಗೂ ಕಾನೂನಿದೆ. 1917ರ ಹಳೇ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರದೋಣಿಗೆ ತಪಾಸಣೆ, ನೋಂದಣಿ ಕೇಳುತ್ತದೆ. ನಡೆಸುವವನಿಗೆ ಅರ್ಹತಾ ಪತ್ರ ಕೇಳುತ್ತದೆ.

"ಅಪ್ಪ ಮೀನುಗಾರ, ನನಗ್ಯಾಕೆ ಪರೀಕ್ಷೆ?" ಎನ್ನುವ ಹುಡುಗರಿದ್ದಾರೆ. ಈಜು, ಉಬ್ಬರವಿಳಿತ ಮನೆಯಲ್ಲೇ ಬಂದಿರಬಹುದು, ಒಪ್ಪೋಣ. ಆದರೆ ಎದುರಾಎದುರು ಎರಡು ಬೋಟು ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು, ರಸ್ತೆಯ ಹಾಗೆ ಎಡಕ್ಕಲ್ಲ. ಸ್ಪೀಡ್ ಬೋಟಿನಲ್ಲಿ ಎಂಜಿನ್ ನಿಲ್ಲಿಸುವ ದಾರ ನಡೆಸುವವನ ಮೈಗೆ ಕಟ್ಟಿರಬೇಕು. ಇಲ್ಲದಿದ್ದರೆ ಆತ ನೀರಿಗೆ ಬಿದ್ದಾಗ ಖಾಲಿ ಬೋಟು ಗಿರಗಿರನೆ ಸುತ್ತಿ ಅವನ ಮೇಲೇ ಬಂದೀತು. ಇದೆಲ್ಲ ಹೇಳಿಕೊಟ್ಟರೇ ಬರುವ ವಿದ್ಯೆ.

ಕಲಿಯಹೊರಟವರು ಹಣ ಕಟ್ಟುವ ಮೊದಲು ಯಾವ ಬೋಟಿಗೆ ಯಾವ ಪತ್ರವೆಂದು ಬಂದರು ಕಚೇರಿಯಲ್ಲಿ ವಿಚಾರಿಸಲಿ. ಅಧಿಕಾರಿಗಳೂ ಅದನ್ನು ಕನ್ನಡದಲ್ಲಿ ಬರೆಸಿ ಜೆಟ್ಟಿಯಲ್ಲೇ ತೂಗುಹಾಕಲಿ. ಲೈಫ್ ಜಾಕೆಟ್ಟು ಮೈಗೆ ಹಾಕಿಸದ ಬೋಟನ್ನು ಗಿರಾಕಿಗಳು ಹತ್ತಲೇಬಾರದು.